ಅಜ್ಜಿ ಅಳಲಿಲ್ಲ, ಸದ್ಯ!

'ಹೋಮ್‌ಕಮಿಂಗ್' ೧೯೯೬ರ ಅಮೆರಿಕನ್ ಟಿವಿ ಸಿನೆಮಾ. ಅಮ್ಮ ಪಾರ್ಕಿಂಗ್‌ನಲ್ಲಿ ಬಿಟ್ಟುಹೋದ ನಾಲ್ಕು ಮಕ್ಕಳು ಸಂಬಂಧಿಕರ ಮನೆ ಸೇರ್ತಾರೆ. ನಮ್ಮನ್ನು ಬೇರೆ ಬೇರೆ ಮಾಡಿಬಿಟ್ಟಾರು ಅಂತ ಅಲ್ಲಿಂದಲೂ ಓಡಿಹೋಗಿ, ಯಾವತ್ತೂ ನೋಡಿರದ ಅಜ್ಜಿಯ ಬಾಗಿಲಿಗೆ ಬರ್ತಾರೆ.

ನಮ್ಮ ಸಿನೆಮಾ ಆಗಿದ್ರೆ ಬಾಗಿಲು ತೆಗೆದ ಕೂಡಲೇ ಪಿಟೀಲು, ಕಣ್ಣೀರು! ಇಲ್ಲಿ ಆನ್ ಬ್ಯಾಂಕ್ರಾಫ್ಟ್ ಮಾಡಿರೋ ಅಜ್ಜಿಗೆ ಈ ಮಕ್ಕಳೇ ಬೇಡ. ಅವೋ, ಕೆಲಸ ಹುಡುಕಿ ಹುಡುಕಿ ಮಾಡುತ್ತಾ ಒಂದೊಂದೇ ದಿನ ಮುಂದೂಡ್ತಾವೆ. ನಮ್ಮ ಕಂಪನಿಗಳ ಪ್ರೊಬೇಷನ್ ಥರ.. ಅದೂ ಸ್ವಂತ ಅಜ್ಜಿಯ ಮನೇಲಿ!

ಅಜ್ಜಿಯನ್ನು ಕಲ್ಲುಮನಸ್ಸಿನವಳು ಅನ್ನೋಕೆ ನಂಗಾಗಲ್ಲ. ಹೆತ್ತ ಮಕ್ಕಳೆಲ್ಲ ಕೈತಪ್ಪಿ ಹೋದಮೇಲೆ ಮತ್ತೆ ಯಾರನ್ನಾದ್ರೂ ಹಚ್ಚಿಕೊಳ್ಳೋಕೆ ಹೆದರಿಕೆ ಆಗಲ್ವೇ? ಆದರೆ ಆ ಹೆದರಿಕೆಗೆ ಬೆಲೆ ತೆರಬೇಕಾದ್ದು ತಮ್ಮ-ತಂಗಿಯರನ್ನು ಅಷ್ಟು ದೂರ ನಡೆಸಿಕೊಂಡು ಬಂದ ಹುಡುಗಿ ಡೈಸಿ ಯಾಕೆ?

ಸಿಕ್ಕರೆ ನೋಡಿ. ಸಿಂತಿಯಾ ವಾಯ್ಟ್ ಬರೆದ ೧೯೮೧ರ ಮೂಲ ಕಾದಂಬರಿ ಸಿಕ್ಕರೆ ಇನ್ನೂ ಒಳ್ಳೇದು.