ಹುಲಿ ನೋಡುವ ಗೀಳಿಗೆ ಜೀಪು, ಜೇನು ಇಳಿಸುವ ಗೀಳಿಗೆ ಕೇಸು

ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದವನನ್ನು ಕೇಳಿ ನೋಡಿ, ‘ಸಾರ್, ನಿಮಗೆ ಈ ಹುಲಿ ಹುಚ್ಚು ಹೆಂಗೆ ಹಿಡೀತು?’ ಅಂತ. ಮುಖ ಅರಳುತ್ತೆ. ಚಿಕ್ಕಂದಿನಲ್ಲಿ ಅಪ್ಪ ಬಂಡೀಪುರಕ್ಕೆ ಕರಕೊಂಡು ಬಂದದ್ದು, ಕಣ್ಣೆದುರೇ ಹುಲಿ ರಸ್ತೆ ದಾಟಿದ್ದು, ಅವತ್ತು ರಾತ್ರಿ ನಿದ್ದೆ ಹತ್ತದೇ ಇದ್ದದ್ದು, ಆಮೇಲೆ ಕಂಪನಿ ಕೆಲಸ ಬಿಟ್ಟದ್ದು, ಮನೆಯಲ್ಲಿ ಬೈಸಿಕೊಂಡದ್ದು, ಎಲ್ಲ ಸಾಲಾಗಿ ಬರುತ್ತೆ. ಕಥೆ ಚೆನ್ನಾಗೇ ಇರುತ್ತೆ, ಸುಳ್ಳೂ ಅಲ್ಲ. ಆ ಕಥೆಯೇ ಅವನ ವಿಳಾಸ, ಅವನ ಮರ್ಯಾದೆ.

ಅವನ ಸಫಾರಿ ಜೀಪಿನ ಮುಂದಿನ ಸೀಟಲ್ಲಿ ಕೂತು, ಧೂಳಿನ ಮೇಲಿನ ಹೆಜ್ಜೆ ನೋಡಿ ‘ಹೆಣ್ಣು ಹುಲಿ, ಜೊತೆಗೆ ಮರಿ ಅದೆ, ನೀರಿನ ಕಡೀಕ್ ಹೋಗೈತೆ’ ಎಂದ ಆದಿವಾಸಿ ಹಾಡಿಯ ಹುಡುಗನಿಗೆ ಈ ಪ್ರಶ್ನೆ ಯಾರೂ ಹಾಕುವುದಿಲ್ಲ. ‘ಅವರಿಗೆ ಅದು ರಕ್ತದಲ್ಲೇ ಬಂದಿರುತ್ತೆ ಬಿಡಿ’ ಎಂದು ಮುಗಿಸುತ್ತಾರೆ. ರಕ್ತದಲ್ಲಿ ಬಂದದ್ದಕ್ಕೆ ಕಥೆ ಯಾಕೆ? ಸಂಬಳ ತಾನೆ ಯಾಕೆ? ದಿನಗೂಲಿ ಸಾಕು.

ನನ್ನ ಸಿಟ್ಟೆಲ್ಲ ಈ ಒಂದು ಮಾತಿನ ಮೇಲೆ. ಉಳ್ಳವನಿಗೆ ಗೀಳು ಹಿಡಿದರೆ ಅವನೊಬ್ಬ ವ್ಯಕ್ತಿಯಾಗುತ್ತಾನೆ. ಇಲ್ಲದವನಿಗೆ ಹಿಡಿದರೆ ಅದನ್ನು ಅವನ ಜಾತಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತಾರೆ. ಅವನೂ ಒಂದು ದಿನ ಬೆರಗಾಗಿ ನಿಂತಿದ್ದ, ನಿದ್ದೆಗೆಟ್ಟಿದ್ದ, ಬೇರೆಲ್ಲ ಬಿಟ್ಟು ಇದರ ಹಿಂದೆ ಬಿದ್ದಿದ್ದ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಇದೆಲ್ಲ ದಿನನಿತ್ಯದ ನೋಟ. ಮೈಸೂರು ಕಡೆಯಿಂದ ಕಾರುಗಳು ಬರುತ್ತವೆ, ಅಂತರಸಂತೆ, ಕಾರಾಪುರದ ದಿಕ್ಕಿಗೆ ಹೋಗುತ್ತವೆ. ಎದುರಿಂದ ಕೂಲಿಯವರನ್ನು ತುಂಬಿಕೊಂಡ ಜೀಪು ಬರುತ್ತೆ, ಕೊಡಗಿನ ಕಾಫಿ ತೋಟಕ್ಕೆ. ಕಾಡು ನೋಡುವವರು ಒಳಗೆ, ಕಾಡಲ್ಲಿ ಹುಟ್ಟಿದವರು ಹೊರಗೆ.

ಇದು ಇವತ್ತಿನ ಆಟವಲ್ಲ. ಮೈಸೂರು ಸಂಸ್ಥಾನದಲ್ಲಿ ಕಾಲುವೆಗಳ ಉಸ್ತುವಾರಿಗಿದ್ದ ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷಿನವನಿಗೆ ಆನೆಯ ಗೀಳು ಹತ್ತಿತು. 1873-74ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ಮಾಡಿ ಆನೆ ಹಿಡಿದ. 1878ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬಂತು, ‘ಭಾರತದ ಕಾಡುಮೃಗಗಳ ನಡುವೆ ಹದಿಮೂರು ವರ್ಷ’ ಎಂಬ ಅರ್ಥದ ಹೆಸರು. ಗುಂಡು ಹೊಡೆಯುವವನಿಗೆ ದಾರಿ ತೋರಿಸಿದ್ದು ಕಾಡಿನ ಕುರುಬರು, ಹೆಜ್ಜೆ ಹಿಡಿದದ್ದು ಕುರುಬರು. ಪುಸ್ತಕದ ಮೇಲೆ ಹೆಸರು ಅವನದು. ಆ ಗೀಳಿನಿಂದಲೇ ಅವನು ಚರಿತ್ರೆಗೆ ಸೇರಿದ. ಜೊತೆಗಿದ್ದವರು ಆ ಪುಟಗಳಲ್ಲಿ ಒಂದು ಬುಡಕಟ್ಟಾಗಿ ಉಳಿದರು.

ಆಮೇಲೆ ಖೆಡ್ಡಾಕ್ಕೆ ಹೆಸರಾದದ್ದು ನಮ್ಮ ಕಾಕನಕೋಟೆ. ಕಡೆಯ ಖೆಡ್ಡಾ 1971ರಲ್ಲಿ. 1974ಕ್ಕೆ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾ ನಡೆಯುತ್ತಿದ್ದ ಬಯಲಿನ ಬಹುಪಾಲು ಹಿನ್ನೀರಿಗೆ ಹೋಯಿತು. ಇವತ್ತು ರೆಸಾರ್ಟಿನ ಬಾಲ್ಕನಿಯಲ್ಲಿ ಕೂತು ಹಿನ್ನೀರಿನ ಸೂರ್ಯಾಸ್ತ ನೋಡುವವರು ನೋಡುತ್ತಿರುವುದು ಮುಳುಗಿದ ಊರುಗಳ ಮೇಲಿನ ನೀರನ್ನು.

ಕಾರಾಪುರದ ಕಬಿನಿ ರಿವರ್ ಲಾಡ್ಜ್ ಒಂದು ಕಾಲಕ್ಕೆ ಮಹಾರಾಜರ ಬೇಟೆ ಬಂಗಲೆ. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಮೊದಲು ಬೇಟೆಗಾರ, ಆಮೇಲೆ ವನ್ಯಜೀವಿ ಪ್ರೇಮಿ. 2010ರಲ್ಲಿ ತೀರಿಕೊಂಡಾಗ ಎಲ್ಲರ ‘ಪಾಪಾ’. ಮನುಷ್ಯ ಬದಲಾಗಬಾರದು ಅಂತ ನಾನು ಹೇಳುವುದಿಲ್ಲ. ಅವರಿಗೆ ಆ ಅವಕಾಶ ಸಿಕ್ಕಿತು, ಸಂತೋಷ. ಬೇಟೆಯಿಂದ ರಕ್ಷಣೆಗೆ ತಿರುಗುವ ಅವಕಾಶವನ್ನು ಹಾಡಿಯವನಿಗೆ ಯಾಕೆ ಕೊಡಲಿಲ್ಲ? ಮೊಲಕ್ಕೆ ಉರುಳು ಹಾಕಿದವನ ಮೊಮ್ಮಗನನ್ನೂ ಇವತ್ತಿಗೂ ಅನುಮಾನದಿಂದಲೇ ನೋಡುತ್ತಾರಲ್ಲ, ಯಾಕೆ?

ಈ ಮಣ್ಣಿನ ಇನ್ನೊಬ್ಬನ ಕಥೆ ಹೇಳಲೇಬೇಕು. ಅವನನ್ನು ಕೋಟೆಯವರೇ ಮರೆತಿದ್ದಾರೆ. ಸಾಬು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಅಪ್ಪ ಸತ್ತ ಮೇಲೆ ಅರಮನೆಯ ಆನೆಲಾಯದಲ್ಲಿ ಬೆಳೆದ. ಕಿಪ್ಲಿಂಗನ ಆನೆ ಕಥೆಯನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಹಾರ್ಟಿ ಮೈಸೂರಿಗೆ ಬಂದಾಗ ಅವರ ತಂಡದ ಕಣ್ಣಿಗೆ ಈ ಹುಡುಗ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಗೆ ಬಂತು, ವೆನಿಸ್‌ನಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ಹುಡುಗ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಹಾಲಿವುಡ್‌ಗೆ. 1940ರಲ್ಲಿ ಬಾಗ್ದಾದಿನ ಕಳ್ಳ, 1942ರಲ್ಲಿ ಮೌಗ್ಲಿ. 1944ರಲ್ಲಿ ಅಮೆರಿಕದ ಪೌರನಾದ, ಯುದ್ಧವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸಿದ, ಪದಕ ಪಡೆದ. ಪದಕ ಇಟ್ಟುಕೊಂಡು ಹಾಲಿವುಡ್‌ಗೆ ಮರಳಿದರೆ ಸಿನಿಮಾದವರು ಕೊಟ್ಟದ್ದು ಮತ್ತದೇ ರುಮಾಲು, ಅದೇ ಕಾಡು, ಅದೇ ಬರಿಮೈ. 1963ರಲ್ಲಿ 39ನೇ ವಯಸ್ಸಿಗೆ ಹೃದಯಾಘಾತವಾಗಿ ಹೋದ.

ಆನೆಯ ಮೇಲೆ ಸಾಬುವಿಗೆ ಇದ್ದದ್ದು ಮಗುವಿನ ಪ್ರೀತಿ. ಗೀಳು ಇದ್ದದ್ದು ಅವನನ್ನು ನೋಡುವವರಿಗೆ. ಅವರ ಗೀಳು ಅವನ ಗುರುತಾಯಿತು. ಗೀಳು ಮನುಷ್ಯನ ಗುರುತನ್ನು ರೂಪಿಸುತ್ತದೆ ಎಂದು ಮನಶ್ಶಾಸ್ತ್ರದವರು ಹೇಳುತ್ತಾರೆ. ಸರಿ, ಯಾರ ಗೀಳು, ಯಾರ ಗುರುತು ಎಂದು ಅವರು ಒಂದು ಸಲ ಕಾರಾಪುರಕ್ಕೆ ಬಂದು ಕೇಳಬೇಕು.

ಈಗ ಜೇನಿಗೆ ಬರುತ್ತೇನೆ. ಹಾಡಿಯ ಹುಡುಗನಿಗೆ ಜೇನಿನ ಹುಚ್ಚು ಹತ್ತುವುದು ಹೀಗೆ. ಬೇಸಿಗೆಯಲ್ಲಿ ಹಳ್ಳದ ಅಂಚಿಗೆ ತುಡುವೆ ಹುಳು ನೀರು ಕುಡಿಯಲು ಬರುತ್ತೆ. ಹುಡುಗ ಕುಕ್ಕರಗಾಲಲ್ಲಿ ಕೂತು ಕಾಯುತ್ತಾನೆ. ಹುಳು ಕುಡಿದು ಎದ್ದದ್ದೇ ಯಾವ ದಿಕ್ಕಿಗೆ ನೇರ ಹಾರಿತು ಎಂದು ಕಣ್ಣಲ್ಲೇ ಗೆರೆ ಎಳೆಯುತ್ತಾನೆ. ಹತ್ತಾರು ಹೆಜ್ಜೆ ಓಡಿ ನಿಲ್ಲುತ್ತಾನೆ, ಮುಂದಿನ ಹುಳುವಿಗೆ ಕಾಯುತ್ತಾನೆ. ಬಿಸಿಲಿಗೆ ಎದುರು ಮುಖ ಮಾಡಿ ನಿಂತರೆ ರೆಕ್ಕೆ ಮಿನುಗಿದ್ದು ಕಾಣುತ್ತೆ ಎಂಬುದು ಅವನೇ ಕಂಡುಕೊಂಡ ಉಪಾಯ. ಹೀಗೆ ಹೋಗಿ ಹೋಗಿ ಒಂದು ಮತ್ತಿ ಮರದ ಪೊಟರೆಗೆ ಕಿವಿ ಇಡುತ್ತಾನೆ. ಒಳಗೆ ಗುಂಯ್ ಅನ್ನುತ್ತೆ. ಆ ಕ್ಷಣ ಅವನ ಮೈ ಜುಮ್ಮೆನ್ನುವುದಕ್ಕೂ ಸಫಾರಿ ಜೀಪಿನಲ್ಲಿ ಹುಲಿ ಕಂಡವನ ಮೈ ಜುಮ್ಮೆನ್ನುವುದಕ್ಕೂ ಏನು ವ್ಯತ್ಯಾಸ? ದೊಡ್ಡವನಾದ ಮೇಲೆ ಹೆಜ್ಜೇನಿಗೆ ಹೋಗುತ್ತಾನೆ. ಕತ್ತಲ ರಾತ್ರಿ, ಮರಕ್ಕೆ ಬಡಿದ ಬಿದಿರು ಗೂಟದ ಮೇಲೆ ಕಾಲು, ಕೈಯಲ್ಲಿ ಹೊಗೆಯ ಸೂಡಿ, ಬಾಯಲ್ಲಿ ಹುಳುವಿಗೆ ಹೇಳುವ ಹಾಡು. ಹೊಟ್ಟೆಪಾಡಿಗೆ ಮಾತ್ರ ಇದನ್ನು ಮಾಡುತ್ತಾನೆ ಅನ್ನುವವರು ಒಂದು ಸಲ ಆ ಗೂಟದ ಮೇಲೆ ಕಾಲಿಟ್ಟು ನೋಡಲಿ.

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1972ರಲ್ಲಿ ವನ್ಯಜೀವಿ ಕಾಯ್ದೆ, ಆಮೇಲೆ ರಾಷ್ಟ್ರೀಯ ಉದ್ಯಾನ, ಆಮೇಲೆ ಹುಲಿ ರಕ್ಷಿತ ಪ್ರದೇಶ. ಒಂದೊಂದು ಬೋರ್ಡು ನೆಟ್ಟಾಗಲೂ ಒಂದಷ್ಟು ಹಾಡಿ ಹೊರಗೆ. ಹುಲಿ ನೋಡುವ ಗೀಳಿಗೆ ಬೆಳಿಗ್ಗೆ ಒಂದು ಟ್ರಿಪ್, ಸಂಜೆ ಒಂದು ಟ್ರಿಪ್. ಜೇನು ಇಳಿಸುವ ಗೀಳಿಗೆ ಫಾರೆಸ್ಟ್ ಕೇಸು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಹಕ್ಕು ಕೊಟ್ಟಿದೆ, ಅದರಲ್ಲಿ ಜೇನೂ ಸೇರಿದೆ. ಗೇಟಿನಲ್ಲಿ ನಿಂತ ಗಾರ್ಡಿಗೆ ಈ ಕಾಯ್ದೆ ತೋರಿಸಿ ನೋಡಿ!

    

ಇಷ್ಟು ಹೇಳಿದ ಮೇಲೆ ನಮ್ಮವರಿಗೇ ಒಂದು ಮಾತು ಹೇಳಬೇಕು. ಆದಿವಾಸಿ ಪರ ಎಂದು ಬರುವ ಸಂಶೋಧಕರು, ಸಾಕ್ಷ್ಯಚಿತ್ರದವರು, ನಾವು ಬರಹಗಾರರೂ ಸೇರಿ, ಸಾಬುವಿಗೆ ಹಾಲಿವುಡ್ ಮಾಡಿದ್ದನ್ನೇ ಮಾಡುತ್ತೇವೆ. ಜೇನು ಕುರುಬರ ಮಗ ಜೇನನ್ನೇ ಪ್ರೀತಿಸಬೇಕು, ಕಾಡಿನ ಹಾಡನ್ನೇ ಹಾಡಬೇಕು. ಅವನಿಗೆ ಕ್ರಿಕೆಟ್ಟಿನ ಹುಚ್ಚು ಹತ್ತಿದರೆ ನಮಗೆ ಬೇಜಾರು. ಮೊಬೈಲ್ ಬಿಚ್ಚಿ ಜೋಡಿಸುವುದರಲ್ಲಿ ಹಗಲು ರಾತ್ರಿ ಮುಳುಗಿದರೆ ‘ಸಂಸ್ಕೃತಿ ಹೋಯ್ತು’ ಅಂತ ಮರುಗುತ್ತೇವೆ. ಯಾವುದರ ಹಿಂದೆ ಬೀಳಬೇಕು ಎಂದು ಆರಿಸಿಕೊಳ್ಳುವುದೂ ಒಂದು ಹಕ್ಕು ಕಣ್ರೀ. ಜೇನಿನ ಹಿಂದೆ ಬಿದ್ದವನಿಗೆ ಕಾಡು ಬೇಕು, ಮೊಬೈಲಿನ ಹಿಂದೆ ಬಿದ್ದವನಿಗೆ ಐಟಿಐ ಬೇಕು. ಎರಡನ್ನೂ ಕೊಡದೆ ಅವನ ಗುರುತು ಏನೆಂದು ನಾವು ಬರೆಯುತ್ತ ಕೂತಿದ್ದೇವೆ.

ಹೆಸರು ಯಾರಿಗೆ ಸಿಗುತ್ತೆ ಎಂಬುದಕ್ಕೆ ದಸರಾ ಆನೆ ಅರ್ಜುನನನ್ನೇ ನೋಡಿ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿಬಿದ್ದ ಆನೆ. ಬಳ್ಳೆ ಶಿಬಿರದಲ್ಲಿದ್ದು, 2012ರಿಂದ 2019ರವರೆಗೆ ಎಂಟು ದಸರಾದಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಸತ್ತ. ನಾಡೇ ಅತ್ತಿತು. ಅಭಿಮಾನಿಗಳು ಬೀದಿಗಿಳಿದರು, ಸ್ಮಾರಕ ಆಯಿತು. ಆಗಲೇಬೇಕಿತ್ತು. ಆದರೆ ದಿನಾ ಬೆಳಿಗ್ಗೆ ಎದ್ದು ಆನೆಗಳ ಮೈ ತೊಳೆದು, ಹುಲ್ಲಿನಲ್ಲಿ ಭತ್ತ, ಬೆಲ್ಲ, ಕಾಯಿ ಸುತ್ತಿ ಕುಸುರೆ ಕಟ್ಟಿ ಬಾಯಿಗಿಡುವ ಮಾವುತ, ಕಾವಾಡಿಗಳಿದ್ದಾರಲ್ಲ? ಅವರಲ್ಲಿ ಬಹಳ ಮಂದಿ ಕುರುಬರೇ. ವೀರನಹೊಸಹಳ್ಳಿಯಲ್ಲಿ ಗಜಪಯಣ ಹೊರಡುವಾಗ ಮಂತ್ರಿಗಳು ಹೂವು ಹಾಕುವುದು ಆನೆಗೆ. ಆನೆಯ ಹೆಸರು, ತೂಕ, ವಯಸ್ಸು ಮೈಸೂರಿನ ಮಕ್ಕಳಿಗೆಲ್ಲ ಬಾಯಿಪಾಠ. ಕತ್ತಿನ ಮೇಲೆ ಕೂತವನ ಹೆಸರು?

2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನು ಕುರುಬ ಕುಟುಂಬಗಳು ವಾಪಸು ಹೋದವು. ಅಜ್ಜ ಅಜ್ಜಿಯರ ಜಾಗದಲ್ಲಿ ಗುಡಿಸಲು ಹಾಕಿದವು. ಪೊಲೀಸರು, ಅರಣ್ಯ ಸಿಬ್ಬಂದಿ ಬಂದು ಸುತ್ತ ನಿಂತರು. ಅದೇ ವರ್ಷ ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತಾಗ ಜನ ರೊಚ್ಚಿಗೆದ್ದು, ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು. ಆಗ ಪ್ರವಾಸದವರು, ರೆಸಾರ್ಟಿನವರು ಪಟ್ಟ ಸಂಕಟ ನೋಡಬೇಕಿತ್ತು. ಕೆಲಕಾಲ ಕಾಡಿನೊಳಗೆ ಹೋಗಲಾಗದ್ದಕ್ಕೆ ಅಷ್ಟು ಹೊಟ್ಟೆಯುರಿ. ಐವತ್ತು ವರ್ಷದಿಂದ ಹೊರಗೆ ನಿಂತವರ ಹೊಟ್ಟೆಯಲ್ಲಿ ಏನಿರಬಹುದು?

ಕಾಡಿನಿಂದ ಹೊರಬಿದ್ದವರ ಸ್ಥಿತಿ ನೋಡಲು ಹೈಕೋರ್ಟ್ ಆದೇಶದ ಮೇಲೆ ಮೈಸೂರಿನ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ಸಮಿತಿಯಾಯಿತು. 2014ರಲ್ಲಿ ವರದಿ ಕೊಟ್ಟರು. ಅದರಲ್ಲಿ 3,418 ಕುಟುಂಬಗಳ ಲೆಕ್ಕವಿದೆ. 2025ರ ಜನವರಿಯಲ್ಲಿ ಅಸ್ಸಾದಿ ತೀರಿಕೊಂಡರು. ವರದಿ ಇನ್ನೂ ಪೂರ್ತಿ ಜಾರಿಯಾಗಿಲ್ಲ. ಹುಲಿ ನೋಡಲು ಹ್ಯಾಂಡ್‌ಪೋಸ್ಟ್ ದಾಟಿ ಬರುವ ಮಹನೀಯರೇ, ನಿಮ್ಮ ಪ್ರಭಾವ, ನಿಮ್ಮ ಇಂಗ್ಲಿಷು, ನಿಮ್ಮ ಲಕ್ಷಾಂತರ ಫಾಲೋವರ್ಸ್ ಎಲ್ಲ ಬಳಸಿ ಒಂದು ಸಲ ಆ ವರದಿ ಎಲ್ಲಿಗೆ ಬಂತು ಎಂದು ವಿಧಾನಸೌಧವನ್ನು ಕೇಳಿ.