‘ಇನ್ನೂ ಯಾಕಪ್ಪ ಆಡ್ತಾನೆ?’ ಅಂತ ಕೇಳೋಕೆ ನಾವ್ಯಾರು?

ರಾಮನಗರದ ಮಾರ್ಕೆಟ್‌ಗೆ ರೇಷ್ಮೆಗೂಡು ತರುವ ಅರವತ್ತು ದಾಟಿದ ರೈತನನ್ನು ‘ನೀನು ಯಾವಾಗ ರಿಟೈರ್ ಆಗ್ತೀಯ?’ ಅಂತ ಯಾರೂ ಕೇಳಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಅಜ್ಜನನ್ನೂ ಕೇಳಲ್ಲ. ಆದರೆ ಒಬ್ಬ ಕ್ರಿಕೆಟ್ ಆಟಗಾರನಿಗೆ ಮೂವತ್ತೈದು ತುಂಬಿದರೆ ಸಾಕು, ಮೊಬೈಲ್ ಹಿಡಿದು ಶುರು ಮಾಡುತ್ತೇವೆ: ‘ಇನ್ನೂ ಯಾಕಪ್ಪ ಆಡ್ತಾನೆ? ಹುಡುಗರಿಗೆ ಜಾಗ ಬಿಡಬಾರದಾ?’ ಜಾಗ ಬಿಟ್ಟು ಬೇರೆ ರಾಜ್ಯಕ್ಕೆ ಹೋದನೋ, ಆಗ ‘ನಮ್ಮವನೇ ಅಲ್ಲ’ ಅನ್ನುತ್ತೇವೆ.

ಎರಡೂ ತಪ್ಪು.

ವಿನಯ್ ಕುಮಾರ್ ಅವರನ್ನೇ ನೋಡಿ. ದಾವಣಗೆರೆಯ ಆಟೋ ಚಾಲಕರ ಮಗ. 2004ರಲ್ಲಿ ಕರ್ನಾಟಕದ ಪರ ರಣಜಿ ಆಡಲು ಶುರು ಮಾಡಿ, 2018-19ರವರೆಗೆ ಬೌಲಿಂಗ್ ಮಾಡಿದರು. ಹದಿನೈದು ವರ್ಷ ರಣಜಿ ಕಪ್ ಕಾಣದಿದ್ದ ರಾಜ್ಯಕ್ಕೆ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ಕಪ್ ತಂದ ನಾಯಕ. 2015ರ ಮುಂಬೈ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಐದು ವಿಕೆಟ್ ಕಿತ್ತು, ಮೇಲೆ ಶತಕವನ್ನೂ ಹೊಡೆದರು.

ನಮಗೆ ಇದೆಲ್ಲ ನೆನಪಿದೆಯಾ? ಬಹಳ ಜನರಿಗೆ ನೆನಪಿರೋದು 2013ರ ನವೆಂಬರ್ 2 ಮಾತ್ರ. ಅವತ್ತು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದವರು ಅವರ 9 ಓವರ್‌ಗೆ 102 ರನ್ ಚಚ್ಚಿದರು. ಅದೇ ಅವರ ಕೊನೆಯ ಏಕದಿನ ಪಂದ್ಯ. ನಕ್ಕವರಲ್ಲಿ ನಾವೂ ಇದ್ದೆವು.

2019ರಲ್ಲಿ ವಿನಯ್ ಕರ್ನಾಟಕ ಬಿಟ್ಟು ಪುದುಚೇರಿ ಸೇರಿದರು. 2021ರ ಫೆಬ್ರುವರಿಯಲ್ಲಿ ನಿವೃತ್ತಿ ಹೇಳಿದರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 504 ವಿಕೆಟ್ ಪಡೆದ ಮನುಷ್ಯನ ಕೊನೆಯ ರಣಜಿ ಪಂದ್ಯ ನಮ್ಮ ತಂಡದಲ್ಲಿ ಅಲ್ಲ, ಬೇರೆ ತಂಡದಲ್ಲಿ ಮುಗಿಯಿತು.

ಅನಿಲ್ ಕುಂಬ್ಳೆ 2008ರಲ್ಲಿ ದೆಹಲಿಯಲ್ಲಿ ನಿವೃತ್ತಿಯಾದಾಗ ಸಹ ಆಟಗಾರರು ಹೆಗಲ ಮೇಲೆ ಹೊತ್ತರು. ಇಡೀ ದೇಶ ಟೀವಿಯಲ್ಲಿ ನೋಡಿತು. ಸರಿಯೇ, ಅವರಿಗೆ ಸಲ್ಲಬೇಕಾದದ್ದೇ. ಆದರೆ ಖಾಲಿ ಗ್ಯಾಲರಿ ಮುಂದೆ ರಾಜ್ಯಕ್ಕಾಗಿ ಬೆವರು ಸುರಿಸಿದವನಿಗೆ ಆ ಹೆಗಲು ಯಾರು ಕೊಡಬೇಕು?

‘ಹೊಸಬರು ಬರೋದು ಬೇಡವಾ?’ ಅಂತ ಕೇಳಬಹುದು. ಖಂಡಿತ ಬರಲಿ. ತಂಡದ ಜಾಗ ಯಾರ ಪಿತ್ರಾರ್ಜಿತವೂ ಅಲ್ಲ. ಆದರೆ ಜಾಗ ಇಲ್ಲ ಅನ್ನೋದನ್ನು ಎದುರು ಕೂರಿಸಿ ಹೇಳಬೇಕು. ಮಗನಿಗೆ ಹೊಲ ಬಿಟ್ಟುಕೊಟ್ಟ ಅಪ್ಪನಿಗೂ ಜಗಲಿ ಮೇಲೆ ಜಾಗ ಇರುತ್ತದೆ. ಹತ್ತಿದ ಏಣಿಯನ್ನು ಒದೆಯಬಾರದು.

ಇನ್ನು, ‘ಇವನದು ಮುಗೀತು’ ಅಂತ ತೀರ್ಪು ಕೊಡುವವರು ಕರುಣ್ ನಾಯರ್ ಅವರನ್ನು ನೋಡಲಿ. 2022ರಲ್ಲಿ ಕರ್ನಾಟಕ ತಂಡದಲ್ಲಿ ಜಾಗ ಕಳೆದುಕೊಂಡರು. ವಿದರ್ಭಕ್ಕೆ ಹೋದರು. 2024-25ರ ರಣಜಿ ಫೈನಲ್‌ನಲ್ಲಿ ಶತಕ ಹೊಡೆದು ಕಪ್ ಗೆದ್ದರು. 2025ರಲ್ಲಿ ಭಾರತದ ಪರ ಇಂಗ್ಲೆಂಡಿನಲ್ಲಿ ಟೆಸ್ಟ್ ಆಡಿದರು. ಆಮೇಲೆ ಕರ್ನಾಟಕಕ್ಕೇ ವಾಪಸ್ ಬಂದರು. ಅವರು ತಂಡ ಬಿಟ್ಟು ಹೋಗಿದ್ದು ದ್ರೋಹವಾ? ಆಟ ಉಳಿಸಿಕೊಳ್ಳುವ ದಾರಿ ಅದು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಹತ್ತು ವರ್ಷ ರಾಜ್ಯಕ್ಕೆ ಆಡಿದ ಪ್ರತಿಯೊಬ್ಬರಿಗೂ, ಗಂಡಾಗಲಿ ಹೆಣ್ಣಾಗಲಿ, ತವರಿನ ಮೈದಾನದಲ್ಲಿ ಒಂದು ದಿನದ ಗೌರವ ಸಿಗಲಿ. ಕೊನೆಗೆ ಬೇರೆ ತಂಡದಲ್ಲಿ ಆಡಿದ್ದರೂ ಸಿಗಲಿ.

ಇದನ್ನು ಬೆಂಗಳೂರಿನವರಿಗೆ ಹೇಳಿ ನಾವು ಸುಮ್ಮನಾಗುವಂತಿಲ್ಲ. ಕನಕಪುರ, ಮಾಗಡಿ ಕಡೆ ಹಳ್ಳಿಗಳ ಟೆನಿಸ್ ಬಾಲ್ ತಂಡಗಳಲ್ಲೂ ಒಬ್ಬ ಹಳೇ ಅಣ್ಣ ಇರುತ್ತಾನೆ. ಕೈಯಿಂದ ದುಡ್ಡು ಹಾಕಿ ಬಾಲ್ ತಂದವನು, ಪಿಚ್‌ಗೆ ನೀರು ಹಾಕಿದವನು. ಒಂದು ದಿನ ಅವನ ಹೆಸರು ತಂಡದ ಪಟ್ಟಿಯಲ್ಲಿ ಇರಲ್ಲ. ಯಾಕೆ ಅಂತ ಯಾರೂ ಹೇಳಲ್ಲ.

ಮುಂದಿನ ಟೂರ್ನಿಗೆ ಮೊದಲು ಅವನ ಮನೆಗೆ ಹೋಗಿ. ಏನು ಹೇಳಬೇಕೋ ಎದುರಿಗೇ ಹೇಳಿ. ಟಾಸ್ ಹಾಕಲು ಅವನನ್ನೇ ಕರೆಯಿರಿ.