ಹೆಸರಿಲ್ಲದೆ ಬಂದ ಸೊನಾಟ

1919ರಲ್ಲಿ ಅಮೆರಿಕದ ಸಂಗೀತಪೋಷಕಿ ಎಲಿಜಬೆತ್ ಕೂಲಿಡ್ಜ್ ನಡೆಸಿದ ಛೇಂಬರ್ ಸಂಗೀತದ ರಚನಾಸ್ಪರ್ಧೆಗೆ 70ಕ್ಕೂ ಮಿಕ್ಕ ಕೃತಿಗಳು ಬಂದುವು. ಕರ್ತೃಗಳ ಹೆಸರನ್ನು ಮರೆಮಾಡಲಾಗಿತ್ತು. ಎರಡು ಕೃತಿಗಳಿಗೆ ಸಮಮತ ಬರಲು, ಕೂಲಿಡ್ಜರ ಮತದಿಂದ ಬಹುಮಾನವು ಅರ್ನೆಸ್ಟ್ ಬ್ಲೋಖರಿಗೆ ಸಂದಿತು. ಇನ್ನೊಂದು, ವಯೋಲ ಸೊನಾಟ, ಇಂಗ್ಲೆಂಡಿನ ರೆಬೆಕ್ಕಾ ಕ್ಲಾರ್ಕ್ ಎಂಬ ಮಹಿಳೆಯದೆಂದು ತಿಳಿದಾಗ ತೀರ್ಪುಗಾರರು ಬೆರಗಾದರು. ಅದು ಬ್ಲೋಖರದೇ ಗುಪ್ತನಾಮವಿರಬೇಕೆಂದವರೂ ಉಂಟು! ಮೆಚ್ಚಿದ ಕಿವಿಯೇ ನಂಬಲು ಹಿಂಜರಿಯಿತು.

ಇಂಥ ರಚನೆಗಳನ್ನು ಚರಿತ್ರೆಯ ಅಡಿಟಿಪ್ಪಣಿಯಲ್ಲಿ ಸ್ಮರಿಸಿದರೆ ಸಾಲದು, ಸ್ವರಲಿಪಿ ಅಚ್ಚಾಗಿ ವಾದಕರ ಕೈಸೇರಬೇಕೆಂಬುದು ನಮ್ಮ ಅಭಿಪ್ರಾಯ. ಫ್ಯಾನಿ ಮೆಂಡೆಲ್ಸನ್ 1834ರಲ್ಲಿ ರಚಿಸಿದ ತಂತಿವಾದ್ಯ ಚತುಷ್ಟಯವು ಅಚ್ಚು ಕಂಡುದು ಆಕೆ ಗತಿಸಿ ನೂರು ವರ್ಷಗಳಿಗೂ ಹೆಚ್ಚು ಕಾಲ ಸಂದ ಮೇಲೆ. ಕ್ಲಾರ್ಕರ ಸೊನಾಟವಾದರೋ 1921ರಲ್ಲೇ ಅಚ್ಚಾಯಿತು. ಇಂದು ವಯೋಲ ಕಲಿಯುವವರು ಅದನ್ನು ಅಭ್ಯಾಸ ಮಾಡದೆ ಮುಂದೆ ಹೋಗುವುದು ಅಪರೂಪ.